ಆಲ್ಬುಮಿನ್ ಇಳಿದರೆ ಕೊನೆಯ ಹಂತವೇ? ಸತ್ಯಾಂಶ ಇಲ್ಲಿದೆ

“ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕಮ್ಮಿಯಾದರೆ ಕಥೆ ಮುಗಿಯಿತು, ಪ್ರೋಟೀನ್ ಪುಡಿ ಕೊಟ್ಟು ಏರಿಸಿದರೆ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಆದರೆ ಇದರಲ್ಲಿ ನಿಜದ ಒಂದು ಎಳೆ ಇದೆ, ಜನ ನಂಬುವುದೂ ಅದಕ್ಕೇ.

ಮುಂದುವರಿದ ಕಾಯಿಲೆ ಇರುವವರಲ್ಲಿ ಆಲ್ಬುಮಿನ್ ಕಡಿಮೆಯಿದ್ದು, ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತ (ಎರಡು ಬಗೆಯ ಬಿಳಿ ರಕ್ತಕಣಗಳ ಸಂಖ್ಯೆಯ ಹೋಲಿಕೆ) ಹೆಚ್ಚಿದ್ದರೆ ಬದುಕುಳಿಯುವ ಅವಧಿ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದು ಗುಂಪಿನ ಸರಾಸರಿ. ನಿಮ್ಮ ಮನೆಯವರ ಭವಿಷ್ಯವಲ್ಲ.

ಈ ಅನುಪಾತವನ್ನೇ ನೋಡಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ 6000, ಲಿಂಫೋಸೈಟ್ 2000 ಇದ್ದರೆ ಅನುಪಾತ 3. ಅದೇ ವ್ಯಕ್ತಿಗೆ ಮೂತ್ರದ ಸೋಂಕು ತಗುಲಿದರೆ, ಅಥವಾ ಪ್ರಾಸ್ಟೇಟ್ ಕ್ಯಾನ್ಸರ್‌ನ ಔಷಧಿ ಅಬಿರಾಟೆರೋನ್ ಜೊತೆ ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಶುರುವಾದರೆ ಅನುಪಾತ ಏರಬಹುದು. ಕ್ಯಾನ್ಸರ್ ಇದ್ದಲ್ಲೇ ಇರುತ್ತದೆ!

ಆಲ್ಬುಮಿನ್ ಯಕೃತ್ತಿನಲ್ಲಿ ತಯಾರಾಗುತ್ತದೆ. ಸಾಮಾನ್ಯ ಮಟ್ಟ ಡೆಸಿಲೀಟರ್‌ಗೆ ಸುಮಾರು 3.5ರಿಂದ 5 ಗ್ರಾಂ. ಉರಿಯೂತ ಇದ್ದಾಗ ಹೊಟ್ಟೆತುಂಬ ಉಂಡರೂ ಅದು ಇಳಿಯಬಹುದು. ಯಕೃತ್ತು, ಮೂತ್ರಪಿಂಡದ ತೊಂದರೆಯಲ್ಲೂ ಅಷ್ಟೇ. ಹಾಗಾಗಿ ಪುಡಿಯಿಂದ ಅಂಕಿ ಏರಿಸಲು ಹೊರಡುವುದು ಜ್ವರಮಾಪಕವನ್ನು ತಣ್ಣೀರಿಗೆ ಅದ್ದಿದಂತೆ. ಪೌಷ್ಟಿಕ ಆಹಾರ ಬೇಕೇ ಬೇಕು, ಚಿಕಿತ್ಸೆ ತಾಳಿಕೊಳ್ಳಲು. ಗಡ್ಡೆ ಕರಗಿಸಲು ಅಲ್ಲ. ಮೂತ್ರಪಿಂಡ ದುರ್ಬಲವಾಗಿದ್ದರೆ ಪುಡಿಗೆ ಮೊದಲು ವೈದ್ಯರನ್ನು ಕೇಳಿ.

ಚಿಕಿತ್ಸೆ ನಿರ್ಧಾರವಾಗುವುದು ಮುಖ್ಯವಾಗಿ ಪಿಎಸ್‌ಎ (ಪ್ರಾಸ್ಟೇಟ್‌ಗೆ ಸಂಬಂಧಿಸಿದ ರಕ್ತಪರೀಕ್ಷೆ), ಬಯಾಪ್ಸಿಯ ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ತೋರಿಸುವ ಅಂಕ) ಮತ್ತು ಸ್ಕ್ಯಾನ್‌ಗಳ ಮೇಲೆ.