ನಮ್ಮದು ಆ ಕಂಬದವರೆಗೆ ಮಾತ್ರ

ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ತಿಪಟೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಯಾವ ಊರಿನಲ್ಲಿ ಕೇಳಿದರೂ ಅಲ್ಲೊಂದು ಬಿ.ಎಚ್. ರಸ್ತೆ ಸಿಗುತ್ತದೆ. ಚಿಕ್ಕವಳಿದ್ದಾಗ ಇವೆಲ್ಲ ಬೇರೆ ಬೇರೆ ರಸ್ತೆಗಳೆಂದೇ ತಿಳಿದಿದ್ದೆ. ಅಡಿಕೆ ಮೂಟೆ ಹೇರಿದ ಲಾರಿಯಲ್ಲಿ ಅಪ್ಪನ ಪಕ್ಕ ಕುಳಿತು ಸಾಗರದಿಂದ ತಿಪಟೂರಿನವರೆಗೆ ಹೋದ ದಿನ ಎಲ್ಲವೂ ಒಂದೇ ರಸ್ತೆ ಎಂದು ಗೊತ್ತಾಯಿತು. ಆ ದಿನದ ಬೆರಗು ಇನ್ನೂ ಮರೆತಿಲ್ಲ.

ರಸ್ತೆ ಒಂದೇ. ನೋಡಿಕೊಳ್ಳುವವರು ಒಬ್ಬರಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಅಷ್ಟರೊಳಗೆ ಈ ತುದಿಯಲ್ಲಿ ಮಹಾನಗರ ಪಾಲಿಕೆ, ಆ ತುದಿಯಲ್ಲಿ ನಗರಸಭೆ, ನಡುವೆ ಗ್ರಾಮ ಪಂಚಾಯಿತಿಗಳು. ಇವರ ಜೊತೆಗೆ ಹೆದ್ದಾರಿಯವರು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ರೈಲ್ವೆ, ನೀರಾವರಿ ಇಲಾಖೆ. ಈ ದಾರಿಯಲ್ಲಿ ನಾನು ಹದಿನಾಲ್ಕು ವರ್ಷ ಕೆಲಸಕ್ಕೆ ಓಡಾಡಿದ್ದೇನೆ. ಮೊದಲು ಬೆಳಿಗ್ಗೆ ಅರ್ಧ ಗಂಟೆಯಲ್ಲಿ ತಲುಪುತ್ತಿದ್ದೆ. ಕೊನೆಯ ವರ್ಷಗಳಲ್ಲಿ ಒಂದು ಗಂಟೆ ಮೊದಲೇ ಮನೆ ಬಿಟ್ಟರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

ನಮ್ಮ ಮನೆಯ ಹತ್ತಿರ ಹೊಸ ಬಡಾವಣೆಯ ರಸ್ತೆ ಬಂದು ಹೆದ್ದಾರಿಗೆ ಸೇರುವ ಒಂದು ತಿರುವು ಇದೆ. ಒಂದೇ ವರ್ಷದಲ್ಲಿ ನಮಗೆ ಪರಿಚಯದ ಮೂವರು ಅಲ್ಲಿ ಬಿದ್ದು ಕೈಕಾಲು ಮುರಿದುಕೊಂಡರು. ಒಂದು ದೀಪ, ಒಂದು ಉಬ್ಬು, ಬಸ್ಸು ನಿಲ್ಲಲು ಸ್ವಲ್ಪ ಅಗಲದ ಜಾಗ, ಇಷ್ಟಕ್ಕಾಗಿ ಅರ್ಜಿ ಹಿಡಿದು ಹೊರಟೆ. ಒಂದು ಕಚೇರಿಯಲ್ಲಿ, ರಸ್ತೆ ನಮ್ಮದು, ಆದರೆ ದೀಪ ನಮ್ಮದಲ್ಲ ಎಂದರು. ಇನ್ನೊಂದರಲ್ಲಿ ಬಸ್ ನಿಲುಗಡೆ ಯಾರಿಗೆ ಸೇರುತ್ತದೆ ಎನ್ನುವುದು ತೀರ್ಮಾನವಾಗಬೇಕು ಎಂದರು. ಮೂರನೆಯ ಕಡೆ ಒಬ್ಬ ಹುಡುಗ ಬಹಳ ಗೌರವದಿಂದ ಕುರ್ಚಿ ಕೊಟ್ಟು, ನಕ್ಷೆ ತೆರೆದು, ಬೆರಳಿಟ್ಟು ತೋರಿಸಿದ. "ನಮ್ಮದು ಈ ಕಂಬದವರೆಗೆ ಮಾತ್ರ ಮೇಡಂ. ನೀವು ಹೇಳುವ ಜಾಗ ಕಂಬದಿಂದ ಆಚೆ." ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ನಿಜ.

ಈ ಮಾತನ್ನು ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಆ ಬಡಾವಣೆಯ ವಿಷಯ ಸಭೆಗೆ ಬಂದ ದಿನ ಒಪ್ಪಿಗೆಯ ಕೈ ಎತ್ತಿದವರಲ್ಲಿ ನಾನೂ ಇದ್ದೆ.

ಆ ಸಭೆಯಲ್ಲಿ ನಾವು ಬೇಜವಾಬ್ದಾರಿಯಿಂದ ಕುಳಿತಿರಲಿಲ್ಲ. ಒಳರಸ್ತೆ ಎಷ್ಟು ಅಗಲ, ಚರಂಡಿ ಎಲ್ಲಿಗೆ ಸೇರುತ್ತದೆ, ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆಯೇ, ಓವರ್‌ಹೆಡ್ ಟ್ಯಾಂಕ್ ಯಾರು ಕಟ್ಟಿಸುತ್ತಾರೆ, ಎಲ್ಲವನ್ನೂ ಕೇಳಿದೆವು. ಅಲ್ಲಿದ್ದ ಗದ್ದೆ ತುಂಗಾ ನಾಲೆಯ ನೀರಿನಲ್ಲಿ ಬೆಳೆಯುತ್ತಿದ್ದ ಗದ್ದೆ. ಬಸಿಗಾಲುವೆಯನ್ನು ಮುಚ್ಚಬಾರದು ಎಂದು ನಾನೇ ಹಟ ಹಿಡಿದು ನಡಾವಳಿಯಲ್ಲಿ ಬರೆಸಿದೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಇಲ್ಲಿ ಮನೆ ಕಟ್ಟುವವರು ಬೆಳಿಗ್ಗೆ ಎಂಟೂವರೆಗೆ ಎಲ್ಲಿಗೆ ಹೋಗುತ್ತಾರೆ, ಯಾವ ದಾರಿಯಲ್ಲಿ, ಯಾವುದರಲ್ಲಿ ಎಂದು. ಅದನ್ನು ಕೇಳುವುದು ನಮ್ಮ ಕೆಲಸ ಎಂದು ನಮಗೆ ಅನ್ನಿಸಲೇ ಇಲ್ಲ. ಅದೇ ವರ್ಷ ಪಕ್ಕದ ಪಂಚಾಯಿತಿಯ ಗಡಿಯಲ್ಲಿ ಇನ್ನೆರಡು ಬಡಾವಣೆ ತಲೆ ಎತ್ತಿದವು. ಅವರೂ ಕೇಳಿರಲಾರರು. ಪ್ರತಿ ಕಡತವೂ ತನ್ನಷ್ಟಕ್ಕೆ ಸರಿಯಾಗಿಯೇ ಇತ್ತು. ಮೂರು ಸರಿಯಾದ ಕಡತಗಳು ಸೇರಿ ಒಂದು ತಿರುವಿನಲ್ಲಿ ಜನರ ಕಾಲು ಮುರಿದವು.

ವಾಹನ ದಟ್ಟಣೆ ಎಂದರೆ ಸಂಚಾರಿ ಪೊಲೀಸರ ವಿಷಯ ಎಂದು ನಾವು ತಿಳಿದಿದ್ದೇವೆ. ಗೋಪಿ ವೃತ್ತದಲ್ಲಿ, ಅಮೀರ್ ಅಹ್ಮದ್ ವೃತ್ತದಲ್ಲಿ ಬಿಸಿಲಿಗೆ ನಿಂತು ಸೀಟಿ ಊದುವವರನ್ನು ಬೈಯುತ್ತೇವೆ. ಆ ದಟ್ಟಣೆ ಹುಟ್ಟಿದ್ದು ಹತ್ತು ವರ್ಷದ ಹಿಂದೆ, ಹತ್ತಾರು ಕಿಲೋಮೀಟರ್ ದೂರದಲ್ಲಿ, ಯಾವುದೋ ಗದ್ದೆಯ ಪಹಣಿ ಬದಲಾದ ದಿನ. ಭೂ ಪರಿವರ್ತನೆ ಜಿಲ್ಲಾಧಿಕಾರಿಯವರ ಕಚೇರಿಯಲ್ಲಿ, ನಕ್ಷೆಯ ಅನುಮೋದನೆ ಯೋಜನಾ ಪ್ರಾಧಿಕಾರದಲ್ಲಿ, ಸೈಟಿನ ದಾಖಲೆಯಾದ ಇ-ಸ್ವತ್ತು ಪಂಚಾಯಿತಿಯಲ್ಲಿ, ಹೆದ್ದಾರಿಗೆ ಸೇರುವ ಅನುಮತಿ ಹೆದ್ದಾರಿಯವರಲ್ಲಿ. ಬಸ್ಸಿನ ಪರ್ಮಿಟ್ ಇನ್ನೆಲ್ಲೋ. ಮನೆ ಮತ್ತು ದಾರಿ ಎರಡನ್ನೂ ಒಟ್ಟಿಗೆ ನೋಡುವ ಮೇಜು ಈ ಸಾಲಿನಲ್ಲಿ ಒಂದೂ ಇಲ್ಲ.

ಪಂಚಾಯಿತಿಗಳು ಏಕೆ ಒಪ್ಪುತ್ತವೆ ಎಂದು ಪೇಟೆಯ ಸ್ನೇಹಿತರು ಕೇಳುತ್ತಾರೆ. ಒಳಗಿದ್ದವಳಾಗಿ ಹೇಳುತ್ತೇನೆ, ಕಂದಾಯಕ್ಕಾಗಿ. ಬೀದಿದೀಪದ ಬಿಲ್ಲು, ನೀರಗಂಟಿಯ ಸಂಬಳ, ಕಸದ ಗಾಡಿಯ ಡೀಸೆಲ್ ಎಲ್ಲಕ್ಕೂ ಸ್ವಂತ ಆದಾಯ ಬೇಕು. ಸೈಟು ಹೆಚ್ಚಾದರೆ ಕಂದಾಯ ಹೆಚ್ಚುತ್ತದೆ. ನಮ್ಮ ಹಿರಿಯ ಸದಸ್ಯರೊಬ್ಬರು ಆ ದಿನ ನನ್ನ ಕಡೆ ತಿರುಗಿ, "ನಾವು ಬೇಡ ಎಂದರೆ ಅವರು ಪಕ್ಕದ ಪಂಚಾಯಿತಿಗೆ ಹೋಗುತ್ತಾರೆ ತಂಗಿ. ಬಸ್ಸು, ಲಾರಿ, ಧೂಳು ಹೇಗಿದ್ದರೂ ನಮಗೇ. ಹಣ ಮಾತ್ರ ಅವರಿಗೆ" ಎಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಇದೆ. ಒಂದೇ ರಸ್ತೆಗೆ ಬಂದು ಬೀಳುವ ಪಂಚಾಯಿತಿಗಳು, ಪಾಲಿಕೆ ಮತ್ತು ನಗರಸಭೆ ಹೊಸ ಬಡಾವಣೆಗಳಿಂದ ಬರುವ ಆದಾಯದಲ್ಲಿ ಒಂದು ಪಾಲನ್ನು ಆ ರಸ್ತೆಯ ಹೆಸರಿನ ಒಂದೇ ನಿಧಿಗೆ ಹಾಕಬೇಕು. ತಿರುವಿನ ದೀಪ, ಪಾದಚಾರಿ ದಾರಿ, ಬಸ್ ತಂಗುದಾಣ ಎಲ್ಲವೂ ಅದರಿಂದ ಆಗಬೇಕು. ಬಡಾವಣೆ ಎಲ್ಲಿ ಬಂದರೂ ಎಲ್ಲರಿಗೂ ಪಾಲು ಸಿಗುವುದಾದರೆ, ಪಕ್ಕದವರಿಗಿಂತ ಮೊದಲು ಗದ್ದೆ ಮಾರಿಸಬೇಕೆಂಬ ಆತುರ ಯಾರಿಗೂ ಇರುವುದಿಲ್ಲ.

ಎರಡೂ ಊರಿಗೆ ಸೇರಿ ಒಂದು ಸಂಸ್ಥೆ ಈಗಾಗಲೇ ಇದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ. ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ಸೂಡಾ ಎನ್ನುವುದು. ಹೆಸರಿನಲ್ಲಿಯೇ ಎರಡೂ ಊರನ್ನು ಸೇರಿಸಿದವರು ದೂರದೃಷ್ಟಿಯವರು. ಆದರೆ ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ, ಆ ಗದ್ದೆಗಳ ನಡುವೆ ವಾಸಿಸುವ ಮತದಾರರಲ್ಲ. ಬಸ್ಸು ಅದರ ಕೈಯಲ್ಲಿಲ್ಲ, ಹೆದ್ದಾರಿಯೂ ಇಲ್ಲ. ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗ ಆಯ್ಕೆಯಾದದ್ದು 2016ರಲ್ಲಿ. ಪಾದಚಾರಿ ದಾರಿಗಳೂ ಒಳಚರಂಡಿಗಳೂ ನಗರದೊಳಗೆ ಹೊಸದಾದವು. ದಿನವೂ ನಗರಕ್ಕೆ ಬರುವ ಸಾವಿರಾರು ಜನರ ದಾರಿ ನಗರದ ಗಡಿಯಲ್ಲಿ ಶುರುವಾಗುವುದಿಲ್ಲವಲ್ಲ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅದರ ಸುತ್ತ ಜಮೀನಿನ ಬೆಲೆ ಏರಿದ ವೇಗವನ್ನು ನಾವೆಲ್ಲ ಕಣ್ಣಾರೆ ಕಂಡೆವು. ಅಲ್ಲಿ ಏನು ಕಟ್ಟಬೇಕು, ಎಷ್ಟು ಕಟ್ಟಬೇಕು ಎಂದು ಸುತ್ತಲಿನ ಪಂಚಾಯಿತಿಗಳು ಒಟ್ಟಿಗೆ ಕುಳಿತು ಮಾತನಾಡಿದ್ದನ್ನು ನಾನಂತೂ ಕಾಣಲಿಲ್ಲ.

ಇದು ಬಯಲಿನ ಕಡೆಯ ಕಥೆ. ಘಟ್ಟದ ಕಡೆಗೆ ಹೋದರೆ ನನ್ನ ಕಳವಳ ಇನ್ನೂ ಹೆಚ್ಚು.

ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದಾಗ ನಾನು ಅತ್ತೆ. ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತಿದ್ದೇನೆ. ನನ್ನ ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಅಲ್ಲಿಯ ಜನ ಸಾಗರಕ್ಕೆ ಬರಲು ಲಾಂಚಿಗಾಗಿ ಕಾದವರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಬಸುರಿಯಾದರೂ ಬೆಳಗಿನವರೆಗೆ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ಆ ಜನರಿಗೆ ಸಲ್ಲಬೇಕಾದ ಋಣ. ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ.

ಆದರೆ ಲಾಂಚು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ದಿನಕ್ಕೆ ಇಷ್ಟೇ ವಾಹನ ಎಂದು ನದಿಯೇ ಲೆಕ್ಕ ಇಟ್ಟಂತೆ ಇತ್ತು. ಈಗ ಆ ತಡೆ ಇಲ್ಲ. ರಜೆಯ ದಿನ ಹೋದಾಗ ಆವಿನಹಳ್ಳಿಯಿಂದಲೇ ಕಾರುಗಳ ಸಾಲು ಕಂಡೆ. ಸೇತುವೆಯ ಮೇಲೆ ಫೋಟೊಗಾಗಿ ಇಳಿದವರು, ದಡದಲ್ಲಿ ಪ್ಲಾಸ್ಟಿಕ್ ಬಾಟಲಿ, ಶುಂಠಿ ಗದ್ದೆಯ ಬೇಲಿಯ ಮೇಲೆ "ಜಾಗ ಮಾರಾಟಕ್ಕಿದೆ" ಫಲಕಗಳು. ಕೊಲ್ಲೂರಿನ ಹಾದಿಯೂ ಹತ್ತಿರವಾದ್ದರಿಂದ ಭಕ್ತರು ಎರಡೂ ಕ್ಷೇತ್ರಗಳನ್ನು ಒಂದೇ ದಿನ ಮುಗಿಸುತ್ತಾರೆ. ಕೊಲ್ಲೂರು ಉಡುಪಿ ಜಿಲ್ಲೆ. ಸಿಗಂದೂರು ಶಿವಮೊಗ್ಗ ಜಿಲ್ಲೆ. ಹಬ್ಬದ ದಿನ ಒಂದು ಕಡೆ ವಾಹನ ತುಂಬಿ ನಿಂತರೆ ಇನ್ನೊಂದು ಕಡೆಯವರು ಸಾಗರದಲ್ಲಿಯೇ ಹೇಳಿ ತಡೆಯಬೇಕು. ತುಮರಿಯಂತಹ ಊರಿನ ಪಂಚಾಯಿತಿ ಒಂದೇ ಇದನ್ನು ಹೊರಲಾರದು. ಎಷ್ಟು ಹೋಂಸ್ಟೇ, ಎಲ್ಲಿ ವಾಹನ ನಿಲುಗಡೆ, ಹಿನ್ನೀರಿನ ದಡದಿಂದ ಎಷ್ಟು ದೂರದಲ್ಲಿ ಕಟ್ಟಡ, ಕಸ ಎಲ್ಲಿಗೆ, ಇದನ್ನು ಸಾಗರ ನಗರಸಭೆ, ದಾರಿಯ ಪಂಚಾಯಿತಿಗಳು, ಆಚೆ ಜಿಲ್ಲೆಯವರು ಕೂಡಿ ಈಗಲೇ ನಿರ್ಧರಿಸಬೇಕು. ಇನ್ನು ಐದು ವರ್ಷ ಬಿಟ್ಟರೆ ನಿರ್ಧರಿಸಲು ಜಾಗವೇ ಉಳಿದಿರುವುದಿಲ್ಲ. ಜೋಗವೂ ಹೀಗೆಯೇ. ಜಲಪಾತದ ಈ ದಡ ಸಾಗರ ತಾಲ್ಲೂಕು, ಆ ದಡ ಉತ್ತರ ಕನ್ನಡದ ಸಿದ್ದಾಪುರ.

ಕೂಡಿ ಕೆಲಸ ಮಾಡಲು ನಮಗೆ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಪ್ರತಿ ಮಳೆಗಾಲ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುವಾಗ ಶಿವಮೊಗ್ಗ ಮತ್ತು ಉಡುಪಿ ಎರಡೂ ಕಡೆಯ ಜಿಲ್ಲಾಡಳಿತಗಳು ಹೊಂದಿಕೊಂಡೇ ನಡೆಯುತ್ತವೆ. ಲಾರಿಗಳು ಹುಲಿಕಲ್ ಕಡೆಗೆ ತಿರುಗುತ್ತವೆ. ಗುಡ್ಡ ಕುಸಿಯುವಾಗ ಆಗುವ ಕೆಲಸ ಗುಡ್ಡ ಗಟ್ಟಿಯಾಗಿರುವಾಗಲೂ ಆಗಬಹುದು. ಸರ್ಕಾರದ ಹೊರಗೂ ಉದಾಹರಣೆ ಇದೆ. ಕೊಪ್ಪದ ಸಹಕಾರ ಸಾರಿಗೆಯನ್ನು 1991ರಲ್ಲಿ ಬಸ್ ಕಾರ್ಮಿಕರೇ ಕಟ್ಟಿದರು. ಯಾವ ಊರಿನ ಮಕ್ಕಳು ಯಾವ ಶಾಲೆಗೆ, ಯಾವ ವಾರ ಯಾವ ಸಂತೆ ಎನ್ನುವುದು ಆ ಬಸ್ಸಿನವರಿಗೆ ಬಾಯಿಪಾಠ. ತಾಲ್ಲೂಕು, ಜಿಲ್ಲೆ ಎಂಬ ಗೆರೆಗಳು ಅವರ ವೇಳಾಪಟ್ಟಿಯಲ್ಲಿ ಇರಲಿಲ್ಲ. 2020ರಲ್ಲಿ ಅದು ನಿಂತಿತು. ಆ ಬಸ್ಸು ನಿಂತ ಹಳ್ಳಿಗಳಲ್ಲಿ ಒಂದೊಂದಾಗಿ ಬಂದ ಸ್ಕೂಟರು, ಕಾರುಗಳನ್ನು ಯಾರಾದರೂ ಎಣಿಸಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಎರಡು ಊರನ್ನು ಒಂದು ಮಾಡಿಬಿಡಿ ಎನ್ನುವವರ ಜೊತೆಗೂ ನನಗೆ ಸಹಮತವಿಲ್ಲ. ಹುಬ್ಬಳ್ಳಿ–ಧಾರವಾಡ 1962ರಿಂದ ಒಂದೇ ಪಾಲಿಕೆ. ಅವುಗಳ ನಡುವಿನ ದೂರವೂ ಹೆಚ್ಚುಕಡಿಮೆ ನಮ್ಮಷ್ಟೇ. ಒಂದೇ ಪಾಲಿಕೆಯಾದ್ದರಿಂದ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಬಸ್ಸಿಗೆಂದೇ ಪ್ರತ್ಯೇಕ ಪಥ ಮಾಡಲು, ಚಿಗರಿ ಬಸ್ಸು ಓಡಿಸಲು ಅನುಕೂಲವಾಯಿತು. ಆದರೂ ತಮಗೆ ನ್ಯಾಯವಾದ ಪಾಲು ಸಿಗುತ್ತಿಲ್ಲ ಎಂದು ಧಾರವಾಡದವರು ವರ್ಷಗಟ್ಟಲೆ ಹೋರಾಡಿದರು. 2025ರ ಜನವರಿಯಲ್ಲಿ ಪ್ರತ್ಯೇಕ ಪಾಲಿಕೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಭದ್ರಾವತಿಗೆ ತನ್ನದೇ ನೋವಿದೆ. ಕಾಗದ ಕಾರ್ಖಾನೆ ನಿಂತ ಊರು ಅದು, ಉಕ್ಕಿನ ಕಾರ್ಖಾನೆಯ ಭವಿಷ್ಯಕ್ಕಾಗಿ ಬೀದಿಗಿಳಿದ ಊರು. ಅದನ್ನು ಶಿವಮೊಗ್ಗದ ಒಂದು ವಾರ್ಡಿನಂತೆ ಮಾಡಿದರೆ ನಾನು ಮೊದಲು ವಿರೋಧಿಸುತ್ತೇನೆ. ಮನೆ ಬೇರೆ ಇರಲಿ. ಅಂಗಳ ಒಂದೇ ಆಗಿರುವುದರಿಂದ ಅಂಗಳದ ಲೆಕ್ಕ ಮಾತ್ರ ಕೂಡಿ ನೋಡಲಿ.

ಹಾಗೆ ಕೂಡಿ ನೋಡುವ ಮೇಜು ಸಂವಿಧಾನದಲ್ಲಿಯೇ ಇದೆ. 1992ರ 74ನೇ ತಿದ್ದುಪಡಿಯ ಮೂಲಕ ಬಂದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕೆಂದು ಹೇಳುತ್ತದೆ. ಪಂಚಾಯಿತಿಗಳ ಯೋಜನೆ, ನಗರಗಳ ಯೋಜನೆ ಎರಡನ್ನೂ ಅದು ಒಂದಾಗಿ ಹೆಣೆಯಬೇಕು. ಎರಡಕ್ಕೂ ಸಮಾನವಾದ ವಿಷಯಗಳನ್ನು, ಅಂದರೆ ಭೂಮಿಯ ಬಳಕೆಯ ವಿನ್ಯಾಸ, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಇವುಗಳನ್ನು ಗಮನಿಸಬೇಕು. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನರಿಂದ ಆಯ್ಕೆಯಾದ ಪ್ರತಿನಿಧಿಗಳೇ ಇರಬೇಕು. ನಾನು ಸದಸ್ಯೆಯಾಗಿದ್ದ ಐದು ವರ್ಷದಲ್ಲಿ ಈ ಸಮಿತಿಯಿಂದ ನಮ್ಮ ಪಂಚಾಯಿತಿಗೆ ಒಂದು ಪ್ರಶ್ನೆಯೂ ಬರಲಿಲ್ಲ. ಬರುವುದಾದರೂ ಹೇಗೆ? 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2018ರಲ್ಲಿ ಆಯ್ಕೆಯಾದ ಶಿವಮೊಗ್ಗ ಪಾಲಿಕೆಯ ಅವಧಿ ಮುಗಿದಾಗಲೂ ಆಡಳಿತಾಧಿಕಾರಿ ಬಂದರು. ಐದರಲ್ಲಿ ನಾಲ್ಕು ಪಾಲು ಕುರ್ಚಿ ಖಾಲಿ ಇರುವ ಮೇಜಿನಲ್ಲಿ ನಮ್ಮ ತಿರುವಿನ ಮಾತನ್ನು ಯಾರು ಎತ್ತುತ್ತಾರೆ? ಚುನಾವಣೆ ನಡೆಸಿ ಎಂದು ಕೇಳುವುದು ರಸ್ತೆಯ ವಿಷಯಕ್ಕೆ ಸಂಬಂಧವಿಲ್ಲದ ರಾಜಕೀಯ ಎಂದು ದಯವಿಟ್ಟು ಹೇಳಬೇಡಿ.

ದೊಡ್ಡದನ್ನು ಕಾಯುತ್ತಾ ಕೂರುವ ಬದಲು ಆಗುವುದನ್ನು ಹೇಳುತ್ತೇನೆ. ಶಿವಮೊಗ್ಗ–ಭದ್ರಾವತಿ ನಡುವೆ ರೈಲು ಹಳಿ ಇದೆ. ಕೆಲಸಕ್ಕೆ, ಕಾಲೇಜಿಗೆ ಹೋಗುವ ಹೊತ್ತಿಗೆ ಬೆಳಿಗ್ಗೆ ಎರಡು, ಸಂಜೆ ಎರಡು ಚಿಕ್ಕ ರೈಲು ಓಡಿಸಿ ಎಂದು ಪಾಲಿಕೆ, ನಗರಸಭೆ ಮತ್ತು ನಡುವಿನ ಪಂಚಾಯಿತಿಗಳು ಒಂದೇ ಠರಾವು ಮಾಡಿ ಕಳುಹಿಸಬಹುದು. ಒಬ್ಬೊಬ್ಬರ ಮನವಿಗಿಂತ ಅದರ ತೂಕ ಬೇರೆ. ಮಾಚೇನಹಳ್ಳಿಯ ಗಾರ್ಮೆಂಟ್ಸ್ ಬಿಡುವ ಹೊತ್ತಿಗೂ ಶಾಲೆ ಬಿಡುವ ಹೊತ್ತಿಗೂ ಅರ್ಧ ಗಂಟೆಯ ಅಂತರ ಇರಲಿ ಎಂದು ಕೇಳಲು ಹಣವೇ ಬೇಕಿಲ್ಲ.

ಮುಂದಿನ ಗ್ರಾಮಸಭೆಗೆ ನಾನು ಒಂದು ಅರ್ಜಿ ಬರೆದಿದ್ದೇನೆ. ಹೊಸ ಬಡಾವಣೆಯ ಕಡತ ಸಭೆಗೆ ಬಂದಾಗ ಅಕ್ಕಪಕ್ಕದ ಎರಡು ಪಂಚಾಯಿತಿಗಳ ಅಧ್ಯಕ್ಷರನ್ನೂ ಅಭಿವೃದ್ಧಿ ಅಧಿಕಾರಿಗಳನ್ನೂ (ಪಿ.ಡಿ.ಒ.) ಕರೆದು ಕೇಳಬೇಕು ಎನ್ನುವುದು ಅದರ ಒಂದೇ ಬೇಡಿಕೆ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಕಡೆಯವರು, ಭದ್ರಾವತಿಯವರು, ನೀವು ದಿನವೂ ಯಾವ ತಿರುವಿನಲ್ಲಿ, ಎಷ್ಟು ಗಂಟೆಗೆ, ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ನನಗೆ ಬರೆದು ತಿಳಿಸಿ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳುತ್ತಿದ್ದೇನೆ. ಅರ್ಜಿಯ ಜೊತೆಗೆ ಅದನ್ನೂ ಕೊಡುತ್ತೇನೆ.