ಒಲಿಂಪಿಕ್ಸ್ ಪದಕ ಇಲ್ಲ ಅಂತ ನಿಕೋಲ್ ಡೇವಿಡ್ ಸಣ್ಣವರಾದರಾ?

ನೀವು ಪ್ರಕಟಿಸಿದ ಮಲೇಷ್ಯಾದ ಸಾಧಕರ ಪಟ್ಟಿಯಲ್ಲಿ ನಟಿ ಮಿಶೆಲ್ ಯೋ, ಬ್ಯಾಡ್ಮಿಂಟನ್ ಆಟಗಾರ ಲೀ ಚಾಂಗ್ ವೇ ಅವರಿಗೆ ಜಾಸ್ತಿ ಜಾಗ ಕೊಟ್ಟಿದ್ದೀರಿ, ಸರಿ. ಆದರೆ ಸ್ಕ್ವಾಷ್ ತಾರೆ ನಿಕೋಲ್ ಡೇವಿಡ್ ಅವರನ್ನು ‘ಒಲಿಂಪಿಕ್ಸ್ ಪದಕ ಗೆಲ್ಲಲಾಗದ ಆಟಗಾರ್ತಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದನ್ನು ಒಪ್ಪೋಕಾಗಲ್ಲ. ಅವರು ಆಡುತ್ತಿದ್ದಾಗ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಇರಲೇ ಇಲ್ಲ! ಮೊದಲ ಸಲ ಸೇರುತ್ತಿರುವುದೇ 2028ರ ಲಾಸ್ ಏಂಜಲೀಸ್‌ನಲ್ಲಿ. ಇವರು 2019ರಲ್ಲೇ ನಿವೃತ್ತರಾದರು. ಇಲ್ಲದ ಪದಕ ಎಲ್ಲಿಂದ ತರುವುದು?

ಇರೋದನ್ನು ನೋಡಿ. ಪೆನಾಂಗ್‌ನ ಈ ಹೆಣ್ಣುಮಗಳು 8 ಸಲ ವಿಶ್ವ ಚಾಂಪಿಯನ್. 2006ರಿಂದ 2015ರವರೆಗೆ ಸತತ 108 ತಿಂಗಳು ನಂಬರ್ ಒನ್. 2014ರ ಕೈರೋ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಒಂದನ್ನಾದರೂ ಬರೆಯಬೇಕಿತ್ತು. ಎದುರಿಗೆ ಈಜಿಪ್ಟ್‌ನವರೇ ಆದ ರನೀಮ್ ಎಲ್ ವೆಲಿಲಿ. ನಾಲ್ಕನೇ ಗೇಮ್‌ನಲ್ಲಿ ನಿಕೋಲ್ 6-10 ಹಿಂದೆ. ಇನ್ನೊಂದು ಪಾಯಿಂಟ್ ಹೋದರೆ ಕಥೆ ಮುಗೀತು. ಅಲ್ಲಿಂದ ನಾಲ್ಕೂ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಆ ಗೇಮ್ ಗೆದ್ದರು, ಐದನೆಯದನ್ನೂ ಗೆದ್ದರು.

ಅಂದಹಾಗೆ, 2018ರ ಏಷ್ಯನ್ ಗೇಮ್ಸ್ ತಂಡ ವಿಭಾಗದ ಸೆಮಿಫೈನಲ್‌ನಲ್ಲಿ ಇವರನ್ನು ಸೋಲಿಸಿದ್ದು ಕೊಡಗು ಮೂಲದ ನಮ್ಮ ಜೋಶ್ನಾ ಚಿನ್ನಪ್ಪ. ಆ ಗೆಲುವಿಗೆ ಅಷ್ಟು ಬೆಲೆ ಬಂದಿದ್ದೇ ಎದುರಿಗೆ ನಿಕೋಲ್ ಇದ್ದರು ಅಂತ, ಅಲ್ವಾ?