ಗರ್ಭಕೋಶದ ಗಾಯಕ್ಕೆ ಸ್ಟೆಮ್ ಸೆಲ್: ಲಕ್ಷ ಲಕ್ಷ ಕಟ್ಟುವ ಮುಂಚೆ ಇದನ್ನು ಓದಿ

ಇತ್ತೀಚೆಗೆ ಫೀಡ್ ತುಂಬ ಒಂದೇ ಥರದ ಜಾಹೀರಾತು. 'ತೆಳುವಾದ ಗರ್ಭಕೋಶದ ಪದರಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ, ಇಂದೇ ಬುಕ್ ಮಾಡಿ.' (ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ.) ನೋಡಿದಾಗೆಲ್ಲ ಮೈ ಉರಿಯುತ್ತದೆ. ವಿಜ್ಞಾನದ ಮೇಲಲ್ಲ, ಆ ಬುಕಿಂಗ್ ಬಟನ್ ಮೇಲೆ.

ನಮ್ಮ ಸಂಬಂಧಿ ಒಬ್ಬಳಿಗೆ ಗರ್ಭ ನಿಲ್ಲದೆ ಡಿ ಅಂಡ್ ಸಿ, ಅಂದರೆ ಗರ್ಭಕೋಶದ ಒಳಗೆ ಕೆರೆದು ಕ್ಲೀನ್ ಮಾಡುವುದು, ಮಾಡಿಸಿದರು. ಆಮೇಲೆ ತಿಂಗಳು ತಿಂಗಳು ಕಿಬ್ಬೊಟ್ಟೆ ಹಿಂಡುವುದು ಮಾತ್ರ, ಪ್ಯಾಡ್ ಮೇಲೆ ಒಂದೆರಡು ಕಂದು ಚುಕ್ಕೆ. ಮನೆಯವರು 'ಮತ್ತೆ ಬಸಿರಿರಬಹುದು' ಅಂತ ಖುಷಿಪಟ್ಟರು! ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಕಂಡಿದ್ದು ಬೇರೆ. ಗರ್ಭಕೋಶದ ಎರಡು ಗೋಡೆಗಳ ನಡುವೆ ಬಿಳಿ ಪಟ್ಟಿಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಆಶರ್ಮನ್ ಸಿಂಡ್ರೋಮ್ ಅಂದರೆ ಇದೇ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯದಿಂದಲೂ ಹೀಗಾಗುತ್ತದೆ.

ಗರಿಕೆಯನ್ನು ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ, ಬೇರನ್ನೇ ಕೆರೆದುಬಿಟ್ಟರೆ ಎಲ್ಲಿಂದ ಚಿಗುರಬೇಕು? ಪ್ರತಿ ಮುಟ್ಟಿನ ನಂತರ ಹೊಸ ಪದರ ಬೆಳೆಸುವ ತಳದ ಪದರ ಹೋದರೆ ಕಥೆ ಹಾಗೇ. ಅಂಟುಗಳನ್ನು ಕತ್ತರಿಸಿ ಬಿಡಿಸಬಹುದು, ಈಸ್ಟ್ರೋಜನ್ ಕೊಡಬಹುದು, ಎಷ್ಟೋ ಜನರಿಗೆ ಅಷ್ಟರಲ್ಲೇ ಸರಿಹೋಗುತ್ತದೆ. ತೀವ್ರವಾಗಿದ್ದರೆ ಮತ್ತೆ ಅಂಟಿಕೊಳ್ಳುತ್ತದೆ.

ಸ್ಟೆಮ್ ಸೆಲ್ ವಿಚಾರ ಬರುವುದು ಇಲ್ಲೇ. ಸುಮ್ನೆ ಕಟ್ಟಿದ ಕಥೆ ಅಲ್ಲ ಇದು. 2011ರಲ್ಲಿ ಅಹಮದಾಬಾದಿನ ವೈದ್ಯರು ಒಬ್ಬ ಮಹಿಳೆಗೆ ಅವರದೇ ಅಸ್ಥಿಮಜ್ಜೆಯ ಕೋಶಗಳನ್ನು ಹಾಕಿದರು, ಪದರ ಬೆಳೆಯಿತು, ಐವಿಎಫ್‌ನಿಂದ ಆಕೆ ಬಸಿರಾದರು. 2014ರಲ್ಲಿ ದೆಹಲಿಯ ಏಮ್ಸ್ ವರದಿ ಬಂತು, 6 ಮಹಿಳೆಯರಲ್ಲಿ 5 ಮಂದಿಗೆ ಮುಟ್ಟು ಮರಳಿತ್ತು. 2016ರಲ್ಲಿ ಸ್ಪೇನಿನವರು 16 ಮಂದಿಯ ಮೇಲೆ ಮಾಡಿದರು. ಆಸೆ ಹುಟ್ಟುತ್ತದೆ, ನಿಜ. ಆದರೆ ಲೆಕ್ಕ ನೋಡಿ: ಒಬ್ಬರು, ಆರು, ಹದಿನಾರು. ಹೋಲಿಸಿ ನೋಡೋಕೆ, ಕೋಶ ಹಾಕದ ಇನ್ನೊಂದು ಗುಂಪು ಇರಲಿಲ್ಲ. ಜೊತೆಗೆ ಹಾರ್ಮೋನೂ ಕೊಟ್ಟಿದ್ದರು. ಹಾಗಿದ್ದಮೇಲೆ ಕೆಲಸ ಮಾಡಿದ್ದು ಯಾವುದು ಅಂತ ಹೇಗೆ ಹೇಳೋದು?

ಅದಕ್ಕೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಖಡಾಖಂಡಿತವಾಗಿ ಹೇಳಿದೆ. ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಮಜ್ಜೆ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಅಂದರೆ ಅದರ ಖರ್ಚು ನಿಮ್ಮ ತಲೆ ಮೇಲೆ ಬರಬಾರದು. ದುಡ್ಡು ಕೇಳಿದರೆ ಅದು ಪ್ರಯೋಗವೂ ಅಲ್ಲ, ಒಪ್ಪಿಗೆಯಾದ ಚಿಕಿತ್ಸೆಯೂ ಅಲ್ಲ, ಸೀದಾ ವ್ಯಾಪಾರ. 'ಸಿಟಿಆರ್‌ಐ ನಂಬರ್ ಕೊಡಿ' ಅಂತ ಕೇಳಿ. ಸಿಟಿಆರ್‌ಐ ಅಂದರೆ ಇಂಥ ಪ್ರಯೋಗಗಳನ್ನು ನೋಂದಾಯಿಸುವ ಸರ್ಕಾರಿ ವೆಬ್‌ಸೈಟ್, ಯಾರು ಬೇಕಾದರೂ ಹುಡುಕಬಹುದು.

ನನಗೆ ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಆ ಕೆರೆಯುವುದರ ಮೇಲೆ. ಆರಂಭದ ತಿಂಗಳುಗಳ ಗರ್ಭಪಾತಕ್ಕೆ ಚೂಪು ಉಪಕರಣದಿಂದ ಕೆರೆಯುವುದು ಹಳೇ ಪದ್ಧತಿ, ಮಾತ್ರೆ ಅಥವಾ ಸಕ್ಷನ್ (ಹೀರಿ ತೆಗೆಯುವ ವಿಧಾನ) ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಯಾವತ್ತೋ ಹೇಳಿದೆ. ಆದರೂ ನಮ್ಮಲ್ಲಿ 'ಕ್ಲೀನ್ ಮಾಡಿಬಿಡೋಣ' ಅಂದರೆ ಯಾರೂ ಪ್ರಶ್ನೆ ಕೇಳಲ್ಲ, ಅಲ್ವಾ? ಸಹಿ ಹಾಕುವ ಮುಂಚೆ ಕೇಳಿ: ಮಾತ್ರೆಯಲ್ಲಿ ಆಗಲ್ವಾ? ಸಕ್ಷನ್ ಇದೆಯಾ? ಮುಗಿದ ಮೇಲೆ ಡಿಸ್ಚಾರ್ಜ್ ಸಮರಿಯಲ್ಲಿ ಹೇಗೆ ಮಾಡಿದರು ಅಂತ ಬರೆಸಿಕೊಳ್ಳಿ. ಮುಂದೆ ಮುಟ್ಟು ಏರುಪೇರಾದರೆ ಡಾಕ್ಟರು ಮೊದಲು ಕೇಳುವುದೇ ಅದನ್ನು.